ಎರಡು ಗಂಡು, ಒಂದೇ ಗೂಡು

ಹದಿನಾಲ್ಕು ತಿಂಗಳಾಯಿತು, ಬೂದ ಮತ್ತು ಮಲ್ಲ ಒಂದೇ ಗೂಡಿನಲ್ಲಿದ್ದಾರೆ. ಎರಡೂ ಗಂಡು ಮೊಲಗಳು. ಒಂದು ಕಾಲದಲ್ಲಿ ಒಬ್ಬರನ್ನೊಬ್ಬರು ಸೀಳಲು ಹೊರಟವರು. ನಾನಿದನ್ನು ಬರೆಯುತ್ತಿರುವಾಗ ಮಲ್ಲ ಬೂದನ ಹಣೆ ನೆಕ್ಕುತ್ತಿದ್ದಾನೆ, ಬೂದ ಕಣ್ಣು ಅರೆಮುಚ್ಚಿಕೊಂಡು ಜಮೀನ್ದಾರನ ಹಾಗೆ ಕುಳಿತಿದ್ದಾನೆ.

ಆಗದ ಕೆಲಸ ಎಂದವರು ಬಹಳ ಮಂದಿ. ಅವರಲ್ಲಿ ಮೊದಲಿಗರು ಇಪ್ಪತ್ತು ವರ್ಷದಿಂದ ಮೊಲ ಸಾಕುತ್ತಿರುವ, ನನಗೆ ಮೊಲ ಎತ್ತಿಕೊಳ್ಳುವುದನ್ನು ಕಲಿಸಿದ ಹಿರಿಯರೊಬ್ಬರು. "ರಕ್ತ ಕಂಡ ಗಂಡು ಇನ್ನೊಂದು ಗಂಡನ್ನು ಬಾಳಗೊಡುವುದಿಲ್ಲ" ಎಂಬುದು ಅವರ ತೀರ್ಪು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ಮೊಲ ಸಾಕುವವರನ್ನು ನೋಡಿಯೇ ಹುಟ್ಟಿರಬೇಕು. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ.

ಗುಂಡನ ವಿಷಯ ಮೊದಲು ಹೇಳಿಬಿಡುತ್ತೇನೆ. ಗುಂಡ ಮತ್ತು ಬೂದ ಒಂದೇ ಸೂಲಿನ ಮರಿಗಳು. ಎರಡು ತಿಂಗಳಿನವರಿದ್ದಾಗ ಮನೆಗೆ ತಂದಿದ್ದೆ. ಎರಡೂ ಹೆಣ್ಣು ಎಂದು ಹೇಳಿ ಕೊಟ್ಟಿದ್ದರು. ನಾನೂ ತಿರುಗಿಸಿ ನೋಡಿ ತಿಳಿದವನಂತೆ ತಲೆಯಾಡಿಸಿದ್ದೆ. ಮೂರು ತಿಂಗಳು ದಾಟುವಾಗ ವೃಷಣ ಕೆಳಗಿಳಿದು ನನ್ನ ಪಾಂಡಿತ್ಯ ಬಯಲಾಯಿತು. ಬೀಜ ತೆಗೆಸಬೇಕು ಎಂದು ಗೊತ್ತಿತ್ತು. ಮುಂದಿನ ಸಂಬಳ ಬರಲಿ ಎಂದು ಒಮ್ಮೆ ಮುಂದೂಡಿದೆ. ಅಣ್ಣತಮ್ಮಂದಿರಲ್ಲವೇ, ಜೊತೆಗೇ ಬೆಳೆದವರು, ಏನಾಗುತ್ತದೆ ಎಂದು ಇನ್ನೊಮ್ಮೆ ಮುಂದೂಡಿದೆ. ಮೂಲೆ ಮೂಲೆಗೆ ಮೂತ್ರ ಚಿಮ್ಮಿಸುವುದು, ಕಂಡದ್ದಕ್ಕೆಲ್ಲ ಗದ್ದ ಉಜ್ಜುವುದು, ಒಬ್ಬರ ಮೇಲೊಬ್ಬರು ಹತ್ತುವುದು ಎಲ್ಲವೂ ಶುರುವಾಗಿತ್ತು. ಬೆಳಿಗ್ಗೆ ಗೂಡಿನಲ್ಲಿ ರೋಮದ ಗುಚ್ಛಗಳು ಬಿದ್ದಿರುತ್ತಿದ್ದವು. ರೋಮ ಉದುರುವ ಕಾಲ ಎಂದು ಗುಡಿಸಿ ಹಾಕಿದೆ. ಆ ಗುಚ್ಛಗಳ ಬುಡದಲ್ಲಿ ಸಣ್ಣ ಚರ್ಮದ ಚೂರು ಅಂಟಿಕೊಂಡಿದ್ದುದನ್ನು ನೋಡಿಯೂ ಗುಡಿಸಿದೆ.

ಐದನೇ ತಿಂಗಳಿನ ಒಂದು ರಾತ್ರಿ ಗೂಡು ಅಲುಗಾಡುವ ಸದ್ದಿಗೆ ಎದ್ದೆ. ಇಬ್ಬರೂ ಚೆಂಡಿನಂತೆ ಸುತ್ತಿಕೊಂಡು ಉರುಳುತ್ತಿದ್ದರು. ಒಬ್ಬನ ಬಾಯಿ ಇನ್ನೊಬ್ಬನ ಹಿಂಗಾಲಿನ ಸಂದಿಯಲ್ಲಿತ್ತು. ಬಿಡಿಸಿ, ಬೇರೆ ಮಾಡಿ, ದೀಪದ ಕೆಳಗೆ ನೋಡಿದೆ. ಗುಂಡನ ಕಿವಿ ಹರಿದು ರಕ್ತ ಸುರಿಯುತ್ತಿತ್ತು. ತೊಳೆದು ಔಷಧಿ ಹಚ್ಚಿದೆ, ದೊಡ್ಡ ಕೆಲಸ ಮಾಡಿದವನಂತೆ ಮಲಗಿದೆ. ಕಿವಿಯ ಗಾಯ ಕಣ್ಣಿಗೆ ಹೊಡೆಯುತ್ತಿತ್ತು, ಅದಕ್ಕೇ ಮೋಸ ಹೋದೆ. ನಿಜವಾದ ಗಾಯ ತೊಡೆಸಂದಿಯಲ್ಲಿ, ರೋಮದಡಿಯಲ್ಲಿತ್ತು: ವೃಷಣದ ಚೀಲ ಸೀಳಿತ್ತು, ಪಕ್ಕದಲ್ಲಿ ಹೊಟ್ಟೆಯ ಕಡೆಗೆ ಆಳವಾದ ಎರಡು ಹಲ್ಲಿನ ತೂತು. ಅದು ನನಗೆ ಕಂಡದ್ದು ಸುಮಾರು ಇಪ್ಪತ್ತು ಗಂಟೆಯ ನಂತರ. ಅಷ್ಟು ಹೊತ್ತಿಗೆ ಗುಂಡ ಹುಲ್ಲು ಮುಟ್ಟುವುದನ್ನು ಬಿಟ್ಟಿದ್ದ, ಹಿಕ್ಕೆ ನಿಂತಿತ್ತು, ಕಟಕಟ ಹಲ್ಲು ಕಡಿಯುತ್ತಿದ್ದ. ವೈದ್ಯರ ಮೇಜಿನ ಮೇಲೆ ಮೈ ಬಿಸಿ 36 ಡಿಗ್ರಿ ಚಿಲ್ಲರೆ. 38ಕ್ಕಿಂತ ಕೆಳಗಿಳಿದ ಮೊಲ ಬದುಕುವುದು ಕಷ್ಟ. ಬಿಸಿ ಕೊಟ್ಟರು, ಚರ್ಮದಡಿ ದ್ರವ ಕೊಟ್ಟರು, ಹೊಲಿದರು, ಸಿರಿಂಜಿನಲ್ಲಿ ಉಣಿಸಿದೆವು. ಮೂರನೇ ದಿನ ಬೆಳಗಿನ ಜಾವ ಹೋದ. ಆ ಮೂರು ದಿನದ ಬಿಲ್ಲು, ಇಬ್ಬರಿಗೂ ಮೊದಲೇ ಬೀಜ ತೆಗೆಸಿದ್ದರೆ ಆಗುತ್ತಿದ್ದ ಖರ್ಚಿಗೆ ಹತ್ತಿರ ಹತ್ತಿರ ಮೂರು ಪಟ್ಟು. ಉಳಿಸಲು ಹೋದ ಹಣವದು.

ಬೂದನನ್ನು ಕೊಟ್ಟುಬಿಡು, ಕೊಂದವನು ಮತ್ತೆ ಕೊಲ್ಲುತ್ತಾನೆ ಎಂದರು. ಬೂದ ಕೊಂದದ್ದಲ್ಲ, ನಾನು ಎಂದು ಮನಸ್ಸಿನಲ್ಲಿ ಅಂದುಕೊಂಡು ಅವನನ್ನು ಉಳಿಸಿಕೊಂಡೆ. ಎರಡು ತಿಂಗಳು ಒಂಟಿಯಾಗಿದ್ದ. ಜಾಲರಿ ಕಡಿಯುವುದು, ಮೂಲೆಯಲ್ಲಿ ಬೆನ್ನು ತಿರುಗಿಸಿ ಕೂರುವುದು. ಆಗ ಪರಿಚಯದವರೊಬ್ಬರು ಸಾಕಲಾರೆವೆಂದು ಒಂದೂವರೆ ವರ್ಷದ ಮಲ್ಲನನ್ನು ಬಿಡಲು ನೋಡುತ್ತಿದ್ದರು. ಅವನಿಗೂ ಬೀಜ ತೆಗೆಸಿರಲಿಲ್ಲ. ಮನೆಯಲ್ಲಿ ಯಾರಿಗೂ ಹೇಳದೆ ಒಪ್ಪಿಕೊಂಡು ಬಂದೆ. ಆ ವಾರ ಊಟ ಬಡಿಸಿದ ರೀತಿ ಇನ್ನೂ ನೆನಪಿದೆ.

ಬೀಜ ತೆಗೆಸುವಾಗ ಕೊಡುವ ಅರಿವಳಿಕೆಯ ಭಯ ನನಗೂ ಇತ್ತು. ಬ್ರಿಟನ್ನಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಅಂಕಿ ಎಲ್ಲರೂ ಹೇಳುತ್ತಾರೆ: ಅರಿವಳಿಕೆ ಪಡೆದ ಮೊಲಗಳಲ್ಲಿ ನೂರಕ್ಕೆ 1.4ರಷ್ಟು ಸತ್ತವು, ನಾಯಿಗಳಲ್ಲಿ ಅದು 0.17 ಮಾತ್ರ. ಅದೇ ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಮೊಲಗಳ ಲೆಕ್ಕ ಸುಮಾರು 0.7 ಎಂಬುದನ್ನು ಯಾರೂ ಹೇಳುವುದಿಲ್ಲ. ನನ್ನ ಮನೆಯ ಲೆಕ್ಕ ಬೇರೆ. ಬೀಜ ತೆಗೆಸದೆ ಇದ್ದ ಎರಡರಲ್ಲಿ ಒಂದು ಹೋಗಿತ್ತು. ನೂರಕ್ಕೆ ಐವತ್ತು.

ಮೊದಲು ಹೋದ ಚಿಕಿತ್ಸಾಲಯದಲ್ಲಿ ರಾತ್ರಿಯಿಂದ ಉಪವಾಸ ಇಟ್ಟು ತನ್ನಿ ಎಂದರು. ವಾಂತಿಯೇ ಮಾಡಲಾರದ ಪ್ರಾಣಿಗೆ ಉಪವಾಸ ಏಕೆ ಎಂದು ಕೇಳಿದ್ದಕ್ಕೆ ಮುಖ ಗಂಟಿಕ್ಕಿದರು. ಶಸ್ತ್ರಚಿಕಿತ್ಸೆಯ ನಂತರ ಬಾಯಿಯಿಂದ ಅಮಾಕ್ಸಿಸಿಲಿನ್, ಮೊಲದ ಕರುಳು ಕೆಡಿಸಿ ಜೀವವನ್ನೇ ತೆಗೆಯಬಲ್ಲ ಆ ಔಷಧಿ, ಕೊಡುತ್ತೇವೆ ಎಂದಾಗ ಬುಟ್ಟಿ ಎತ್ತಿಕೊಂಡು ಎದ್ದು ಬಂದೆ. ಎರಡನೆಯವರನ್ನು ನಾನೇ ಪರೀಕ್ಷೆ ಮಾಡಿದೆ. ತೊಡೆಸಂದಿಯ ನಾಳ ಕಟ್ಟುತ್ತೀರಾ ಎಂದು ಕೇಳಿದೆ. ಕಟ್ಟದಿದ್ದರೆ ಕರುಳು ಇಳಿಯುತ್ತದಲ್ಲ ಎಂದು ಅವರು ತಿರುಗಿ ನನ್ನನ್ನೇ ಕೇಳಿದರು. ಅಲ್ಲಿಗೆ ಒಪ್ಪಿಸಿದೆ. ಹತ್ತು ದಿನದ ಅಂತರದಲ್ಲಿ ಇಬ್ಬರಿಗೂ ಆಯಿತು. ಬೂದ ಅದೇ ಸಂಜೆ ಹುಲ್ಲು ತಿಂದ. ಮಲ್ಲ ಹನ್ನೊಂದು ಗಂಟೆ ಸತಾಯಿಸಿ, ನಾನು ಸಿರಿಂಜ್ ತುಂಬಿಸಿಕೊಂಡು ಬರುವಷ್ಟರಲ್ಲಿ ಕೊತ್ತಂಬರಿ ಎಳೆದುಕೊಂಡ.

ಇಲ್ಲಿಯವರೆಗೆ ಸರಿ. ಮುಂದೆ ನಾನೇ ಕೆಡಿಸಿದೆ.

ಮಲ್ಲನ ಹೊಲಿಗೆ ಒಣಗಿ ಮೂರು ವಾರ ಆಗಿತ್ತು. ಬೀಜ ಹೋದ ಮೇಲೆ ಇನ್ನೇನು ಎಂಬ ಧೈರ್ಯ. ಸ್ನಾನದ ಮನೆಯಲ್ಲಿ ಇಬ್ಬರನ್ನೂ ಬಿಟ್ಟೆ, ಯಾರ ಜಾಗವೂ ಅಲ್ಲವಲ್ಲ ಎಂದು. ನೆಲ ನುಣುಪು, ಕಾಲು ಜಾರಿದ ಮೊಲ ಮೊದಲೇ ಅರ್ಧ ಹೆದರಿರುತ್ತದೆ. ಇಬ್ಬರೂ ಬಾಲ ನಿಗುರಿಸಿ ಸುತ್ತತೊಡಗಿದರು. ಒಂದು ಸುತ್ತು, ಎರಡನೇ ಸುತ್ತು ಪೂರ್ತಿಯಾಗಲಿಲ್ಲ. ನಾನು ಬರಿಗೈ ಹಾಕಿದೆ. ಹೌದು, ಬರಿಗೈ. ಮಣಿಕಟ್ಟಿನ ಮೇಲೆ ನಾಲ್ಕು ಹೊಲಿಗೆ ಬಿತ್ತು, ಕಲೆ ಈಗಲೂ ಇದೆ. ಮಲ್ಲನ ಬೆನ್ನಿಗೆ ಒಂದೇ ಹಲ್ಲಿನ ಗಾಯ. ಈ ಸಲ ಮೂಗಿನಿಂದ ಬಾಲದವರೆಗೆ ರೋಮ ಬಿಡಿಸಿ ನೋಡಿ, ತೊಳೆದು, ಮುಗಿಯಿತು ಎಂದುಕೊಂಡೆ. ಎರಡು ವಾರದಲ್ಲಿ ಅಲ್ಲಿ ನೆಲ್ಲಿಕಾಯಿ ಗಾತ್ರದ ಗಡ್ಡೆ. ಮೊಲದ ಕೀವು ಹರಿಯುವುದಿಲ್ಲ, ಬೆಣ್ಣೆಯ ಹಾಗೆ ಗಟ್ಟಿ. ಚುಚ್ಚಿ ಹಿಂಡಿದರೆ ಪ್ರಯೋಜನವಿಲ್ಲ, ಚೀಲದ ಸಮೇತ ಕಿತ್ತು ತೆಗೆಯಬೇಕು. ತೆಗೆಸಿದೆ. ಬೀಜ ತೆಗೆಸಿದ್ದಕ್ಕಿಂತ ಹೆಚ್ಚು ಖರ್ಚು, ಅದೂ ಐದು ವಾರ ಕಾಯಲಾರದ ನನ್ನ ಅವಸರಕ್ಕೆ. ನನ್ನ ಕೈ ಹೊಲಿಸಿದ ಹಣ ಬೇರೆ.

ವೃಷಣ ತೆಗೆದ ದಿನವೇ ರಕ್ತದಲ್ಲಿರುವ ಗಂಡು ಹಾರ್ಮೋನು ಖಾಲಿಯಾಗುವುದಿಲ್ಲ. ನಾಲ್ಕರಿಂದ ಆರು ವಾರ, ಕೆಲವೊಮ್ಮೆ ಎಂಟು ಎನ್ನುತ್ತಾರೆ. ಅಂಥ ಅಂದಾಜನ್ನು ಮತ್ತೆ ನಂಬಲು ಮನಸ್ಸಾಗಲಿಲ್ಲ. ಹಾಗಾಗಿ ಒಂದು ಗೊಂಬೆಯ ಪ್ರಯೋಗ ಮಾಡಿದೆ. ಹಳೆಯ ಹತ್ತಿಯ ಗೊಂಬೆಯೊಂದಕ್ಕೆ ಮಲ್ಲನ ಗೂಡಿನ ಬಟ್ಟೆ ಚೆನ್ನಾಗಿ ಉಜ್ಜಿ, ಬೂದನ ಮುಂದಿಟ್ಟು, ಕೈಗಡಿಯಾರ ಹಿಡಿದು ಕುಳಿತೆ. ಸ್ನಾನದ ಮನೆಯ ಯುದ್ಧ ನಡೆದ ವಾರ ಮೂರೇ ಸೆಕೆಂಡಿಗೆ ಗೊಂಬೆಯ ಕಿವಿ ಕಿತ್ತ. ಮುಂದಿನ ವಾರ ಹತ್ತು ಸೆಕೆಂಡು ಮೂಸಿ, ಆಮೇಲೆ ಕಚ್ಚಿದ. ಶಸ್ತ್ರಚಿಕಿತ್ಸೆಯಾದ ಆರನೆಯ ವಾರ ಕಚ್ಚಲಿಲ್ಲ, ಮೇಲೆ ಹತ್ತಿದ. ಏಳನೆಯ ವಾರ ಗದ್ದ ಉಜ್ಜಿ ಹೊರಟುಹೋದ. ಎಂಟನೆಯ ವಾರ ಅದಕ್ಕೇ ಒರಗಿ ಮಲಗಿದ. ಮಲ್ಲನಿಗೂ ಇದೇ ಪರೀಕ್ಷೆ, ಬೂದನ ವಾಸನೆಯೊಂದಿಗೆ. ಅವನು ಒಂದು ವಾರ ಹಿಂದಿದ್ದ. ಮನೆಯವರು ನಕ್ಕರು. ಗೊಂಬೆಯ ಹೊಟ್ಟೆಯ ಹತ್ತಿ ಹೊರಗೆ ಬಂದಿರುವುದು ನನಗೆ ಯಾವ ರಕ್ತಪರೀಕ್ಷೆಗಿಂತಲೂ ಸ್ಪಷ್ಟವಾಗಿ ಹೇಳುತ್ತಿತ್ತು. ಬಟ್ಟೆ ಎಷ್ಟು ದಿನದ್ದಿರಬೇಕು, ಗೂಡಿನ ಯಾವ ಮೂಲೆಯದಿರಬೇಕು ಎಂಬುದರಲ್ಲಿ ಒಂದು ಸೂಕ್ಷ್ಮವಿದೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಕಾಯುವಾಗಲೇ ಗೂಡುಗಳನ್ನು ಎದುರು ಬದುರು ಇಟ್ಟಿದ್ದೆ. ಜಾಲರಿ ಎರಡು ಪದರ, ನಡುವೆ ನಾಲ್ಕು ಬೆರಳಿನ ಸಂದು. ಒಂದೇ ಜಾಲರಿ ಇದ್ದರೆ ಮೂಗು, ತುಟಿ ಉಳಿಯುವುದಿಲ್ಲ. ಹುಲ್ಲಿನ ಬುಟ್ಟಿಗಳನ್ನು ಆ ಸಂದಿಯ ಇಕ್ಕೆಲಕ್ಕೆ ಇಟ್ಟೆ, ತಿನ್ನಬೇಕಾದರೆ ಒಬ್ಬರ ಮುಖ ಒಬ್ಬರು ನೋಡಲೇಬೇಕು. ಎಲ್ಲರೂ ಬಟ್ಟೆ ಅದಲು ಬದಲು ಮಾಡುತ್ತಾರೆ. ನಾನು ಮೊಲಗಳನ್ನೇ ಮಾಡಿದೆ: ದಿನಾ ಸಂಜೆ ಇವನು ಅವನ ಗೂಡಿಗೆ, ಅವನು ಇವನ ಗೂಡಿಗೆ. ಮೊದಮೊದಲು ರಾತ್ರಿಯೆಲ್ಲ ಹಿಂಗಾಲು ನೆಲಕ್ಕೆ ಬಡಿಯುತ್ತಿದ್ದರು. ಮೂರನೇ ವಾರದ ಹೊತ್ತಿಗೆ ಯಾವುದು ಯಾರ ಮನೆ ಎಂಬುದೇ ಇಬ್ಬರಿಗೂ ಮರೆತುಹೋಯಿತು.

ಈ ನಡುವೆ ಮಾಡಿದ ದಂಡದ ಖರ್ಚುಗಳೂ ಇವೆ. ಮನಸ್ಸು ಶಾಂತವಾಗುತ್ತದೆಂದು ಸುಗಂಧದ ಯಂತ್ರವೊಂದನ್ನು ಕೊಂಡೆ. ನನಗೆ ತಲೆನೋವು ಬಂತು, ಮೊಲಗಳಿಗೆ ಏನೂ ಆಗಲಿಲ್ಲ. ಇಬ್ಬರಿಗೂ ಸೇರಿ ಚೆಂದದ ಮರದ ಮನೆ ಮಾಡಿಸಿದೆ, ಒಂದೇ ಬಾಗಿಲಿನದು. ಒಂದೇ ಬಾಗಿಲೆಂದರೆ ಒಳಗೆ ಸಿಕ್ಕಿಬಿದ್ದವನಿಗೆ ದಾರಿಯಿಲ್ಲ. ಹಿಂದಿನಿಂದ ಇನ್ನೊಂದು ಬಾಗಿಲು ಕೊರೆಸಲು ಬಡಗಿ ಮತ್ತೆ ಕೂಲಿ ಕೇಳಿದ. ಇಬ್ಬರನ್ನೂ ಒಂದೇ ಬುಟ್ಟಿಯಲ್ಲಿಟ್ಟು ಕಾರಿನಲ್ಲಿ ಸುತ್ತಾಡಿಸಿದರೆ ಹೆದರಿ ಸ್ನೇಹವಾಗುತ್ತಾರೆ ಎಂದು ಒಬ್ಬರು ಹೇಳಿದ್ದರು. ಒಮ್ಮೆ ಮಾಡಿದೆ. ಅಂಟಿಕೊಂಡು ಕುಳಿತದ್ದು ನಿಜ. ಆದರೆ ಮನೆಗೆ ಬಂದು ಇಬ್ಬರೂ ಆರು ಗಂಟೆ ಹುಲ್ಲು ಮುಟ್ಟಲಿಲ್ಲ. ಹೊಟ್ಟೆ ನಿಲ್ಲಿಸಿ ಸಿಗುವ ಸ್ನೇಹ ನನಗೆ ಬೇಡ.

ಇಬ್ಬರೂ ಗೊಂಬೆಯ ಪರೀಕ್ಷೆಯಲ್ಲಿ ಪಾಸಾದ ಮೇಲೆ, ಎಂದರೆ ಶಸ್ತ್ರಚಿಕಿತ್ಸೆಯಾಗಿ ಒಂಬತ್ತು ವಾರ ಕಳೆದ ಮೇಲೆ, ನಿಜವಾದ ಭೇಟಿ. ಇಬ್ಬರೂ ಕಾಲಿಡದ ಓಣಿಯಂಥ ನಡುಮನೆ, ನೆಲಕ್ಕೆ ಒರಟು ಚಾಪೆ, ಕೈಗೆ ದಪ್ಪ ಕೈಗವಸು, ಪಕ್ಕದಲ್ಲಿ ಕಸದ ಮೊರ. ಇಬ್ಬರ ನಡುವೆ ತೂರಿಸಲು ಮೊರದಂಥ ಸಾಧನ ಇನ್ನೊಂದಿಲ್ಲ. ಮೊದಲ ದಿನ ಐದು ನಿಮಿಷ. ಬೆನ್ನಿನ ಕಡೆಯಿಂದ ಹತ್ತಿದರೆ ಹದಿನೈದು ಸೆಕೆಂಡು ಬಿಟ್ಟೆ, ಯಾರು ಯಜಮಾನ ಎಂದು ಅವರೇ ತೀರ್ಮಾನಿಸಿಕೊಳ್ಳಬೇಕು. ಮುಖದ ಕಡೆಯಿಂದ ಹತ್ತಿದರೆ ತಕ್ಷಣ ಇಳಿಸಿದೆ. ಕೆಳಗಿರುವವನ ಹಲ್ಲಿಗೆ ಏನು ಸಿಗುತ್ತದೆ ಎಂದು ಗುಂಡ ನನಗೆ ಕಲಿಸಿದ್ದ. ಸುತ್ತುವುದು ಶುರುವಾದರೆ ಮೊರ. ಹಲ್ಲು ತಾಗುವ ಮುಂಚಿನ ಅರ್ಧ ಸೆಕೆಂಡಿನಲ್ಲಿ ಕಿವಿಯ ಬುಡದಲ್ಲಿ ಒಂದು ಚಲನೆ ಇದೆ, ಅದನ್ನು ಬರೆದು ತಿಳಿಸಲಾಗದು. ಮನೆಗೆ ಬಂದವರಿಗೆ ತೋರಿಸಿದ್ದೇನೆ.

ಪ್ರತಿ ದಿನವೂ ಜಗಳ ಹುಟ್ಟುವ ಮೊದಲೇ ನಿಲ್ಲಿಸಿದೆ, ಚೆನ್ನಾಗಿ ನಡೆಯುತ್ತಿದ್ದರೂ ನಿಲ್ಲಿಸಿದೆ. ಹತ್ತು ನಿಮಿಷ, ಅರ್ಧ ಗಂಟೆ, ಹದಿನೈದನೇ ದಿನದ ಹೊತ್ತಿಗೆ ಎರಡು ಗಂಟೆ. ಹಣೆಗೆ ಬಾಳೆಹಣ್ಣು ಸವರುವ ಉಪಾಯವನ್ನೂ ಮಾಡಿದೆ. ಬೂದ ಹಣ್ಣು ನೆಕ್ಕಿ ಮುಗಿಸಿ ಮಲ್ಲನ ಕಡೆ ತಿರುಗಿಯೂ ನೋಡಲಿಲ್ಲ. ಇಪ್ಪತ್ತೆಂಟನೆಯದೋ ಇಪ್ಪತ್ತೊಂಬತ್ತನೆಯದೋ ದಿನ ಮಲ್ಲ ತಾನಾಗಿ ಬೂದನ ಮುಂದೆ ತಲೆ ತಗ್ಗಿಸಿ ನೆಲಕ್ಕೆ ಒತ್ತಿ ಕುಳಿತ. ನೆಕ್ಕು ಎಂಬ ಅರ್ಜಿ. ಬೂದ ಒಂದು ನಿಮಿಷ ಏನೂ ಮಾಡಲಿಲ್ಲ. ನನ್ನ ಕೈ ಮೊರದ ಹಿಡಿಯ ಮೇಲೆ ಬೆವರಿತ್ತು. ಆಮೇಲೆ, ಗುಂಡನ ಕಿವಿ ಹರಿದವನು, ಮಲ್ಲನ ಕಿವಿಯ ಹಿಂದೆ ಎರಡು ಸಲ ನಾಲಿಗೆ ಆಡಿಸಿ ಬೇರೆಡೆ ನೋಡಿದ.

ಅದರ ನಂತರ ಎರಡು ಹಗಲು ಎರಡು ರಾತ್ರಿ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದೆ, ಕಚೇರಿಗೆ ಜ್ವರ ಎಂದು ಹೇಳಿ. ಗೂಡನ್ನು ವಿನಿಗರ್ ನೀರಿನಲ್ಲಿ ತೊಳೆದು, ಒಳಗಿನ ವಸ್ತುಗಳ ಜಾಗವನ್ನೆಲ್ಲ ಬದಲಾಯಿಸಿ, ಬುಟ್ಟಿ, ತಟ್ಟೆ, ಮರೆ ಎಲ್ಲವನ್ನೂ ಎರಡೆರಡು ಇಟ್ಟು ಒಳಗೆ ಬಿಟ್ಟೆ. ಈಗಲೂ ಭಾನುವಾರ ಭಾನುವಾರ ಇಬ್ಬರನ್ನೂ ಮಗುಚಿ ತೊಡೆಸಂದಿ ನೋಡುತ್ತೇನೆ. ಇಬ್ಬರಿಗೂ ಅದು ಇಷ್ಟವಿಲ್ಲ.

ಮೊನ್ನೆ ಆ ಹಿರಿಯರು ಫೋನ್ ಮಾಡಿದ್ದರು. ಅವರ ಎರಡು ಗಂಡುಗಳು ಕಚ್ಚಾಡಿಕೊಂಡಿವೆಯಂತೆ. ಸಂದಿ ನೋಡಿದಿರಾ ಎಂದೆ, ನೋಡಿದೆ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂಬತ್ತು ವಾರ ಎಂದಿದ್ದೆಯಲ್ಲ, ಆರು ಸಾಲದೇನಪ್ಪ?" ಎಂದು ಕೇಳಿದರು.

ಸಾಲದು ಎಂದೆ. ಮನೆಯಲ್ಲಿ ಹಳೆಯ ಗೊಂಬೆ ಇದೆಯೇ ಎಂದೂ ಕೇಳಿದೆ.