ಬ್ಯಾಂಡ್ ಶೋಗೆ ಹೋಗಿ ಬರೆಯುವುದು: ತುಮಕೂರಿನಿಂದ ನನ್ನ ಕ್ರಮ

ಗಾಯಕರ ಮಾತು ತಿಳಿಯಲಿಲ್ಲ ಎಂದು ಬರೆದುಬಿಡುವುದು ಸುಲಭ. ಮಾತನ್ನು ಅವರೇ ನುಂಗಿದರೋ, ಸೌಂಡಿನವರು ಮುಚ್ಚಿದರೋ, ಕಲ್ಯಾಣ ಮಂಟಪದ ಗ್ರಾನೈಟ್ ಗೋಡೆ ಕಲಸಿಹಾಕಿತೋ ಎಂದು ನೋಡದೆ ಬರೆದರೆ, ಯಾರದ್ದೋ ತಪ್ಪನ್ನು ಇನ್ಯಾರದ್ದೋ ತಲೆಗೆ ಕಟ್ಟಿದ ಹಾಗೆ. ತುಮಕೂರು, ಕೋಲಾರದ ಕಡೆ ಸ್ವತಂತ್ರ ಬ್ಯಾಂಡ್‌ಗಳು ರಂಗಮಂದಿರ, ಕಾಲೇಜು ಮೈದಾನ, ಮಂಟಪ, ಹೀಗೆ ಸಿಕ್ಕಿದ ಜಾಗದಲ್ಲಿ ನುಡಿಸುತ್ತವೆ. ಬ್ಯಾಂಡ್ ಮಾಡಿದ್ದು ಯಾವುದು, ಜಾಗ ಮಾಡಿದ್ದು ಯಾವುದು ಎಂದು ಬಿಡಿಸಿ ಕೇಳುವುದೇ ಇಲ್ಲಿ ವಿಮರ್ಶಕರ ಅರ್ಧ ಕೆಲಸ.

ಅದಕ್ಕೆ ಬ್ಯಾಂಡಿನ ಹಾಡುಗಳು ಮೊದಲೇ ಕಿವಿಯಲ್ಲಿರಬೇಕು. ರೆಕಾರ್ಡಿಂಗ್ ಇದ್ದರೆ ಮೂರು ಸಲ ಕೇಳುತ್ತೇನೆ. ಮೊದಲ ಸಲ ಸುಮ್ಮನೆ. ಎರಡನೇ ಸಲ ಹೆಡ್‌ಫೋನ್ ಹಾಕಿಕೊಂಡು ಪ್ರತಿ ಹಾಡಿನ ಪಲ್ಲವಿ, ಚರಣ, ನಡುವಿನ ವಾದ್ಯದ ಭಾಗ ಎಷ್ಟೆಷ್ಟು ಹೊತ್ತು ಎಂದು ಗುರುತು ಹಾಕುತ್ತೇನೆ. ಮೂರನೇ ಸಲ ಸಾಹಿತ್ಯ ಮಾತ್ರ. ಸಾಹಿತ್ಯ ಎಲ್ಲೂ ಸಿಗದಿದ್ದರೆ ಬ್ಯಾಂಡಿನವರನ್ನೇ ಕೇಳಿ ತರಿಸಿಕೊಳ್ಳುತ್ತೇನೆ. ಕೊಡಲ್ಲ ಎಂದವರನ್ನು ನಾನಿನ್ನೂ ಕಂಡಿಲ್ಲ. ಬ್ಯಾಂಡ್‌ಗಳು ತಮ್ಮ ಹಾಡನ್ನು ತಾವೇ ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲಿ ಆಲ್ಬಮ್ ಇದ್ದರೆ ಕೊಂಡೇ ಕೇಳುವುದು ಒಳ್ಳೆಯದು. ಡಿಜಿಟಲ್ ಮಾರಾಟದಲ್ಲಿ ಜಾಲತಾಣದ ಪಾಲು ಶೇ 15. ಪಾವತಿ ಶುಲ್ಕ ಕಳೆದು ಉಳಿದದ್ದು ಬ್ಯಾಂಡಿಗೇ ಹೋಗುತ್ತದೆ.

ಚೀಲದಲ್ಲಿ ಅಂಗೈಯಗಲದ ನೋಟ್ ಪುಸ್ತಕ, ಎರಡು ಪೆನ್ಸಿಲ್, ಇಯರ್‌ಪ್ಲಗ್, ಪವರ್ ಬ್ಯಾಂಕ್. ಪೆನ್ ಬೇಡ. ಗೋಡೆಗೆ ಒತ್ತಿ ಹಿಡಿದು ಬರೆಯುವಾಗ ಬಾಲ್‌ಪೆನ್ನಿನ ಇಂಕು ಕೆಳಗಿಳಿಯುವುದಿಲ್ಲ. ಮೊಬೈಲ್‌ನಲ್ಲಿ ಟೈಪ್ ಮಾಡಿದರೆ ಪರದೆಯ ಬೆಳಕು ಹಿಂದಿನವರ ಕಣ್ಣಿಗೆ ಹೊಡೆಯುತ್ತದೆ, ನಮ್ಮ ಕಣ್ಣೂ ವೇದಿಕೆ ಬಿಟ್ಟು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದು ಹಾಡಿಗೆ ಒಂದೇ ಸಾಲು: ‘8:52, 3ನೇದು, 7 ಎಣಿಕೆ, ಬಾಸ್ ಮೊದಲು, 2ನೇ ಚರಣಕ್ಕೆ ಡ್ರಮ್ಸ್ ನಿಂತಿತು, ಜನ ಮುಂದೆ ಬಂದರು.’ ಇಷ್ಟಿದ್ದರೆ ಮಾರನೆಯ ದಿನ ಇಡೀ ಹಾಡು ನೆನಪಿಗೆ ಬರುತ್ತದೆ. ವೇಗ ತಿಳಿಯಬೇಕಾದರೆ 15 ಸೆಕೆಂಡಿನಲ್ಲಿ ಬಿದ್ದ ಪೆಟ್ಟು ಎಣಿಸಿ ನಾಲ್ಕರಿಂದ ಗುಣಿಸಿ. ರೆಕಾರ್ಡಿಂಗ್‌ನಲ್ಲಿ 96 ಇದ್ದದ್ದು ವೇದಿಕೆಯಲ್ಲಿ 108 ಆಗಿದ್ದರೆ ಅದನ್ನು ಬರೆಯಲೇಬೇಕು. ಕನ್ನಡ ಸಾಹಿತ್ಯ ಆ ವೇಗಕ್ಕೆ ಉಸಿರು ಕಟ್ಟುತ್ತದೆ.

ಇಯರ್‌ಪ್ಲಗ್ ವಿಷಯದಲ್ಲಿ ಉದಾಸೀನ ಕೂಡದು. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು ಎಂಬುದು ಕೆಲಸದ ಜಾಗಗಳಿಗೆ ತಜ್ಞರು ಹಾಕಿದ ಮಿತಿ. ಮುಂದೆ ಪ್ರತಿ 3 ಡೆಸಿಬಲ್‌ಗೆ ಆ ಹೊತ್ತು ಅರ್ಧವಾಗುತ್ತಾ ಬಂದು 100 ಡೆಸಿಬಲ್‌ಗೆ 15 ನಿಮಿಷ ಮಾತ್ರ ಉಳಿಯುತ್ತದೆ. ಸಣ್ಣ ಹಾಲ್‌ನಲ್ಲಿ ಡ್ರಮ್ಸ್ ಪಕ್ಕ ನಿಂತರೆ 100 ಮುಟ್ಟುವುದು ಕಷ್ಟವೇನಲ್ಲ. ಮೆಡಿಕಲ್ ಸ್ಟೋರಿನ ಸ್ಪಂಜಿನ ಪ್ಲಗ್ ಕಿವಿಯನ್ನೇನೋ ಉಳಿಸುತ್ತದೆ, ಆದರೆ ತೀಕ್ಷ್ಣ ಸ್ವರಗಳನ್ನು ಹೆಚ್ಚು ತಿನ್ನುತ್ತದೆ. ಡ್ರಮ್ಸಿನ ಲೋಹದ ತಟ್ಟೆ ಸಿಂಬಲ್‌ನ ಝಲ್, ಹಾಡಿನ ಸ, ಶ, ಚ ಎಲ್ಲ ಮಂಕಾಗಿ ಬಾಸ್ ಮಾತ್ರ ಗುಮ್ಮೆನ್ನುತ್ತದೆ. ಆ ಕಿವಿಯಲ್ಲಿ ಕೇಳಿ ‘ಮಿಕ್ಸಿಂಗ್ ಮಂಕಾಗಿತ್ತು’ ಎಂದು ಬರೆಯುವುದು ಅನ್ಯಾಯ. ಎಲ್ಲ ಸ್ವರವನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುವ, ಸಂಗೀತಗಾರರಿಗೆಂದೇ ಮಾಡಿದ ಪ್ಲಗ್ ಸಿಗುತ್ತವೆ. ಅದನ್ನೇ ಕೊಳ್ಳಿ.

ಎಲ್ಲಿ ನಿಲ್ಲಬೇಕು? ಮಿಕ್ಸರ್ ಇಟ್ಟುಕೊಂಡು ಸೌಂಡಿನವರು ಕೂತಿರುತ್ತಾರಲ್ಲ, ಅವರ ಪಕ್ಕ. ಅವರ ಕಿವಿಗೆ ಸರಿ ಕಂಡದ್ದನ್ನೇ ಸಭೆಗೆಲ್ಲ ಕೊಡುತ್ತಿರುತ್ತಾರೆ. ತೀರ ಮುಂದಿನ ಸಾಲಿನಲ್ಲಿ ಡ್ರಮ್ಸ್, ಗಿಟಾರ್ ಪೆಟ್ಟಿಗೆಗಳ ಸದ್ದು ನೇರ ಬಂದು ಬಡಿಯುತ್ತದೆ. ದನಿ ಹೊರಡುವ ಸ್ಪೀಕರ್‌ಗಳು ಅಕ್ಕಪಕ್ಕದಲ್ಲಿ ಉಳಿದುಬಿಡುವುದರಿಂದ ಹಾಡು ಅಡಗುತ್ತದೆ. ಹಿಂದಿನ ಗೋಡೆಗೆ ಒರಗಿದರೆ ಬಾಸ್ ಇದ್ದದ್ದಕ್ಕಿಂತ ದಪ್ಪಗೆ ಕೇಳಿಸುತ್ತದೆ. ಬಾಸ್ ಹೊರಡಿಸುವ ದೊಡ್ಡ ಸ್ಪೀಕರ್‌ಗಳನ್ನು, ಅಂದರೆ ಸಬ್‌ವೂಫರ್‌ಗಳನ್ನು, ಎಡಕ್ಕೊಂದು ಬಲಕ್ಕೊಂದು ಇಟ್ಟಿದ್ದರೆ ನಟ್ಟನಡುವಿನ ಗೆರೆಯಲ್ಲಿ ಎರಡೂ ಕೂಡಿ ಬಾಸ್ ಉಬ್ಬುತ್ತದೆ, ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋದರೆ ಇಳಿಯುತ್ತದೆ. ಹಾಗಾಗಿ ಎರಡನೇ, ಮೂರನೇ ಹಾಡು ನಡೆಯುವಾಗ ನಾನು ಮುಂದೆ, ನಡುವೆ, ಹಿಂದೆ ಮೂರೂ ಕಡೆ ನಿಂತು ಬರುತ್ತೇನೆ. ಮೊದಲ ಹಾಡಿನ ಸೌಂಡ್ ಬಗ್ಗೆ ಏನೂ ಬರೆಯುವುದಿಲ್ಲ. ಸೌಂಡ್‌ಚೆಕ್ ಮಾಡುವಾಗ ಖಾಲಿಯಿದ್ದ ಸಭೆ ತುಂಬಿದ ಮೇಲೆ ಜನರ ಮೈ, ಬಟ್ಟೆ ಸದ್ದು ಹೀರಿಕೊಳ್ಳುತ್ತದೆ. ಎಲ್ಲವನ್ನೂ ಮತ್ತೆ ಹದಕ್ಕೆ ತರಲು ಸೌಂಡಿನವರಿಗೆ ಒಂದು ಹಾಡಿನಷ್ಟಾದರೂ ಹೊತ್ತು ಬೇಕು.

ಮಾತು ತಿಳಿಯದಿದ್ದಾಗ ತಪ್ಪು ಯಾರದು ಎಂದು ಹಿಡಿಯಲು ಒಂದು ಪರೀಕ್ಷೆ ಇದೆ. ಹಾಡುಗಳ ನಡುವೆ ಗಾಯಕರು ಅದೇ ಮೈಕಿನಲ್ಲಿ ಮಾತಾಡುತ್ತಾರೆ. ಆ ಮಾತೂ ಕಲಸಿಕೊಂಡು ಬಂದರೆ ದೋಷ ಮೈಕಿನದ್ದು ಇಲ್ಲವೇ ಜಾಗದ್ದು. ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಸದ್ದು ಬಾಲ ಎಳೆದುಕೊಂಡು ಹೋದರೆ ಜಾಗದ್ದೇ. ಮಾತು ಸ್ಪಷ್ಟವಿದ್ದು ಹಾಡು ಮಾತ್ರ ತಿಳಿಯದಿದ್ದರೆ ಗಿಟಾರ್, ಸಿಂಬಲ್ ದನಿಯ ಮೇಲೆ ಕೂತಿವೆ, ಇಲ್ಲವೇ ಉಚ್ಚಾರವೇ ಸಡಿಲ. ಈ ಎರಡನ್ನು ಬೇರೆ ಮಾಡಲು ವಾದ್ಯಗಳು ತಗ್ಗುವ ಚರಣದವರೆಗೆ ಕಾಯಬೇಕು.

ಉಚ್ಚಾರದಲ್ಲಿ ನಾನು ಮೊದಲು ನೋಡುವುದು ಹ್ರಸ್ವ–ದೀರ್ಘ. ರಾಕ್ ಟ್ಯೂನು ಮೊದಲು ಹುಟ್ಟಿ ಕನ್ನಡ ಆಮೇಲೆ ಬಂದು ಕೂತ ಹಾಡುಗಳಲ್ಲಿ, ಸ್ವರ ಎಳೆಯುವ ಜಾಗಕ್ಕೆ ಗಿಡ್ಡ ಅಕ್ಷರ ಬಿದ್ದರೆ ಕೈಯ ಬಳೆ ತೋಟದ ಬಾಳೆಯಾಗುತ್ತದೆ. ಒತ್ತಕ್ಷರದ ಮೇಲೆ ಡ್ರಮ್ಸ್ ಪೆಟ್ಟು ಸರಿಯಾಗಿ ಬಿದ್ದರೆ ಕನ್ನಡಕ್ಕೆ ಎಂಥ ಬಲ ಬರುತ್ತದೆ ಎಂಬುದನ್ನು ಒಳ್ಳೆಯ ಬ್ಯಾಂಡ್‌ಗಳು ತೋರಿಸಿಕೊಟ್ಟಿವೆ. ಎರಡಕ್ಕೂ ಸಾಲು ಎತ್ತಿ ಉದಾಹರಣೆ ಕೊಡಬೇಕು. ‘ಉಚ್ಚಾರ ಸರಿಯಿರಲಿಲ್ಲ’ ಎಂಬ ಒಂದೇ ಮಾತಿನಿಂದ ಓದುಗರಿಗೂ ಉಪಯೋಗವಿಲ್ಲ, ಬ್ಯಾಂಡಿಗೂ ಇಲ್ಲ.

ಕುಯ್ ಎಂಬ ಕೂಗು ಬಂದಾಗ ಜನ ಸೌಂಡಿನವರನ್ನು ಬೈಯುತ್ತಾರೆ. ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೊಕ್ಕು ಸುತ್ತುತ್ತಾ ಬೆಳೆಯುವುದರಿಂದ ಬರುವ ಕೂಗು ಅದು. ಗಾಯಕರು ಮೈಕ್ ಹಿಡಿದು ಮಾನಿಟರ್ (ತಮ್ಮ ದನಿ ತಮಗೇ ಕೇಳಲೆಂದು ವೇದಿಕೆಯ ಮೇಲೆ ಇಟ್ಟ ಸ್ಪೀಕರ್) ಮೇಲೆ ಬಗ್ಗಿದರೂ ಬರುತ್ತದೆ, ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೂ ಬರುತ್ತದೆ. ಕೂಗು ಬಂದ ಕ್ಷಣ ಅವರ ಕೈ ಎಲ್ಲಿತ್ತು ಎಂದು ನೋಡಿಕೊಂಡು ಬರೆಯಿರಿ.

ಬಯಲಿನ ಲೆಕ್ಕ ಬೇರೆ. ಕೋಲಾರದ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ನಡೆಯುವ ಹುಣ್ಣಿಮೆ ಹಾಡಿನಂಥ ಬಯಲು ಕಾರ್ಯಕ್ರಮಗಳಲ್ಲಿ ಸದ್ದು ಹಿಂದಿರುಗಿಸುವ ಗೋಡೆ ಇರುವುದಿಲ್ಲ. ಮಾತು ಚೊಕ್ಕ ಕೇಳಿಸುತ್ತದೆ, ಬಾಸ್ ತೆಳುವಾಗುತ್ತದೆ, ಗಾಳಿ ಬೀಸಿದರೆ ಮೈಕ್ ಬುಸ್ಸೆನ್ನುತ್ತದೆ. 2000ದ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ವರ್ಷಕ್ಕೆ 15 ದಿನ ಮೀರದಂತೆ 12ರವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ಅತಿಥಿಗಳ ಭಾಷಣ ಬೆಳೆದು 9:20ಕ್ಕೆ ವೇದಿಕೆ ಹತ್ತಿದ ಬ್ಯಾಂಡಿಗೆ 40 ನಿಮಿಷ ಮಾತ್ರ ಉಳಿಯುತ್ತದೆ. ಆಗ ಬಿಟ್ಟ ಹಾಡುಗಳು ಯಾವುವು ಎಂದು ಸೆಟ್‌ಲಿಸ್ಟ್, ಅಂದರೆ ಅಂದಿನ ಹಾಡುಗಳ ಪಟ್ಟಿ, ನೋಡಿಯೇ ತಿಳಿಯಬೇಕು. ಮಾನಿಟರ್ ಪಕ್ಕ ನೆಲಕ್ಕೆ ಅಂಟಿಸಿದ ಆ ಹಾಳೆಯ ಫೋಟೊವನ್ನು ಶೋ ಮುಗಿದ ಕೂಡಲೇ, ಕೇಳಿಕೊಂಡು, ತೆಗೆಯುತ್ತೇನೆ.

ತಮಟೆಯ ಬಗ್ಗೆ ನಾಲ್ಕು ಮಾತು ಹೆಚ್ಚೇ ಹೇಳಬೇಕು. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆಗಾಗಿ. ಇಂಥ ನೆಲದಲ್ಲಿದ್ದುಕೊಂಡು, ಬ್ಯಾಂಡ್ ಜೊತೆ ತಮಟೆ ಬಂದರೆ ‘ಜಾನಪದ ವಾದ್ಯಗಳ ಮೆರುಗು’ ಎಂದು ಒಂದೇ ಸಾಲಿನಲ್ಲಿ ಮುಗಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತಮಟೆಯೋ, ಅರೆಯೋ, ಉರುಮೆಯೋ, ಹೆಸರು ಹಿಡಿದು ಬರೆಯಬೇಕು. ತಮಟೆಯ ಚರ್ಮವನ್ನು ಬೆಂಕಿಗೆ ಕಾಯಿಸಿ ಬಿಗಿ ಮಾಡುತ್ತಾರೆ. ಥಂಡಿ ಗಾಳಿಗೆ ಅದು ಸಡಿಲವಾಗಿ ದನಿ ಬೊದ್ದಾಗುತ್ತದೆ. ಸಭಾಂಗಣದ ಒಳಗೆ ಬೆಂಕಿ ಹಚ್ಚಲು ಬಿಡುವುದಿಲ್ಲ. ಹೊರಗೆ ಕಾಯಿಸಿಕೊಂಡು ಬಂದು ಏಸಿ ಹಾಲ್‌ನಲ್ಲಿ ತಮ್ಮ ಸರದಿಗೆ ಕಾದು ಕೂತ ಕಲಾವಿದರ ತಮಟೆ ಇಳಿದಿದ್ದರೆ ಅದನ್ನು ಅವರ ಕೈಯ ತಪ್ಪೆಂದು ಬರೆಯುವಂತಿಲ್ಲ. ಇನ್ನೊಂದು: ತಮಟೆಯ ಸದ್ದು ಪಕ್ಕದ ಗಾಯಕರ ಮೈಕಿಗೂ ನುಗ್ಗುತ್ತದೆ. ಸೌಂಡಿನವರು ದನಿ ಏರಿಸಿದಂತೆಲ್ಲ ತಮಟೆಯೂ ಏರುತ್ತದೆ. ತಮಟೆಯವರನ್ನು ಮೈಕಿನಿಂದ ದೂರ ನಿಲ್ಲಿಸಿದ ಬ್ಯಾಂಡ್ ಯೋಚನೆ ಮಾಡಿದೆ ಎಂದರ್ಥ.

ಲಯ ವಿವರಿಸಲು ನಮ್ಮಲ್ಲೇ ಮಾತುಗಳಿವೆ. ಮೂರು ನಾಲ್ಕಾಗಿ ಒಡೆದ ಏಳೆಣಿಕೆಯನ್ನು ಮಿಶ್ರ ಚಾಪು, ತಕಿಟ ತಕಧಿಮಿ ಎಂದರೆ ಓದುಗರ ಬೆರಳು ತಾನಾಗಿ ತೊಡೆ ತಟ್ಟುತ್ತದೆ. ಎರಡು ಮೂರಾಗಿ ಒಡೆದ ಐದು ಖಂಡ ಚಾಪು. ಬ್ಯಾಂಡಿನವರು ಕರ್ನಾಟಕ ಸಂಗೀತ ಕಲಿತವರೇ ಆಗಿರಬೇಕಿಲ್ಲ, ಎಣಿಕೆ ಎಣಿಕೆಯೇ. ‘ಅದ್ಭುತ’, ‘ಮೋಡಿ’, ‘ರಸದೌತಣ’ ಬಂದಲ್ಲೆಲ್ಲ ಹೊಡೆದುಹಾಕಿ ಅಲ್ಲಿ ಕೇಳಿಸಿದ್ದು ಏನು ಎಂದು ಬರೆಯುತ್ತೇನೆ.

ಬೆಂಗಳೂರಿನ ಶೋಗೆ ಹೋಗಿ ಬರುವ ದಾರಿ: ತುಮಕೂರಿನಿಂದ ಸುಮಾರು 70 ಕಿಲೋಮೀಟರ್. ಮೆಟ್ರೊದ ಹಸಿರು ಮಾರ್ಗ 2024ರ ನವೆಂಬರ್‌ನಲ್ಲಿ ಮಾದಾವರಕ್ಕೆ ಬಂದಮೇಲೆ ಬಸ್ಸಿನಿಂದ ಅಲ್ಲೇ ಇಳಿದು ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಇಂದಿರಾನಗರ ಸೇರಬಹುದು. ವಾಪಸ್ಸು ಬರುವುದೇ ಕಷ್ಟ. 8ಕ್ಕೆ ಎಂದ ಶೋ 9ಕ್ಕೆ ಶುರುವಾದರೆ ಮೆಟ್ರೊ ನಂಬುವಂತಿಲ್ಲ. ಮೆಜೆಸ್ಟಿಕ್‌ನಿಂದ ದಾವಣಗೆರೆ, ಹುಬ್ಬಳ್ಳಿ ಕಡೆಯ ರಾತ್ರಿ ಬಸ್‌ಗಳು ಸಿಗುತ್ತವೆ, ಆದರೆ ಎಷ್ಟೋ ಬಸ್ ಊರೊಳಗೆ ಬಾರದೆ ಬೈಪಾಸ್ ಹಿಡಿಯುತ್ತವೆ. ಹತ್ತುವ ಮುಂಚೆ ಕಂಡಕ್ಟರನ್ನು ಕೇಳಿ. ಕ್ಯಾತ್ಸಂದ್ರದಲ್ಲಿ ಇಳಿಸಿದರೆ ಅಲ್ಲಿಂದ ಆಟೊ. ಬಸ್ಸಿನಲ್ಲಿ ನಿದ್ದೆ ಮಾಡದೆ ನೋಟ್ ಪುಸ್ತಕದ ಸಾಲುಗಳನ್ನು ಬಿಡಿಸಿ ಬರೆದಿಟ್ಟರೆ ಬೆಳಗ್ಗೆ ನಮ್ಮ ಅಕ್ಷರ ನಮಗೇ ಓದಲಾಗದ ಪಾಡು ತಪ್ಪುತ್ತದೆ.

ಬರಹ 600ರಿಂದ 700 ಪದ, ಶೋ ಆದ 24 ಗಂಟೆಯೊಳಗೆ. ಕಳಿಸುವ ಮುಂಚೆ ಬ್ಯಾಂಡಿನವರಲ್ಲಿ ಒಬ್ಬರಿಗೆ ಫೋನ್ ಮಾಡಿ ಮೂರು ವಿಷಯ ಖಚಿತ ಮಾಡಿಕೊಳ್ಳುತ್ತೇನೆ: ಸದಸ್ಯರ ಹೆಸರಿನ ಕಾಗುಣಿತ, ಯಾವ ಹಾಡು ಯಾರು ಬರೆದದ್ದು, ಆ ದಿನ ಬದಲಿ ವಾದಕರು ಯಾರಾದರೂ ಇದ್ದರೇ ಎಂಬುದು. ಎರಡೇ ದಿನ ಅಭ್ಯಾಸ ಮಾಡಿ ಬಂದ ಬದಲಿ ಡ್ರಮ್ಮರ್ ತಡವರಿಸಿದ್ದನ್ನು ಬರೆಯಬಹುದು, ಬದಲಿ ಎಂಬುದನ್ನು ಬಿಡುವಂತಿಲ್ಲ. ಬರಹವನ್ನು ಮಾತ್ರ ಮೊದಲೇ ತೋರಿಸುವುದಿಲ್ಲ, ಎಷ್ಟೇ ಸ್ನೇಹವಿರಲಿ. ಟಿಕೆಟ್ ಪುಕ್ಕಟೆ ಸಿಕ್ಕಿದ್ದರೆ ಕೊನೆಯ ಸಾಲಿನಲ್ಲಿ ಹೇಳುತ್ತೇನೆ. ನಾನು ಎಲ್ಲಿ ನಿಂತು ಕೇಳಿದೆ ಎಂಬುದನ್ನು ಎರಡನೇ ಪ್ಯಾರಾದಲ್ಲೇ ಹಾಕುತ್ತೇನೆ.