ಉಳಿದ ಉಲ್ಲನ್ನಿನ ಚೀಲ, ಮೇಲೊಂದು ಮಲ್ಲಿಗೆ ಮಾಲೆ

ನಮ್ಮನೆ ಕಪಾಟಿನಲ್ಲಿ ಒಂದು ತೊಟ್ಟೆ ಉಂಟು, ಅದರ ತುಂಬಾ ಉಲ್ಲನ್ ತುಂಡುಗಳು. ಮಗುವಿನ ಟೊಪ್ಪಿ ಹೆಣೆದು ಉಳಿದದ್ದು, ಬಾಗಿಲಿಗೆ ತೋರಣ ಮಾಡಿ ಉಳಿದದ್ದು, ಅರ್ಧಕ್ಕೆ ಬಿಟ್ಟ ಸ್ವೆಟರಿನದ್ದು (ಉಡುಪಿಯ ಸೆಕೆಗೆ ಸ್ವೆಟರ್ ಯಾರು ಹಾಕುತ್ತಾರೆ ಅಂತ ಆಗ ಹೊಳೆಯಲಿಲ್ಲ). ಮಳೆ ಹಿಡಿದು ಮನೆಯೊಳಗೇ ಕೂತಿದ್ದಾಗ ಅದನ್ನೆಲ್ಲ ಸುರುವಿಕೊಂಡು ಕ್ರೋಶದಲ್ಲಿ (ಕೊಕ್ಕೆ ಇರುವ ಒಂದೇ ಕಡ್ಡಿಯ ಹೆಣಿಗೆ) ಒಂದು ಚೀಲ ಮಾಡಿದೆ. ಮೊದಲನೆಯದು ಹಾಳಾಯಿತು. ಎರಡನೆಯದು ಈಗಲೂ ತರಕಾರಿ ಹೊರುತ್ತಾ ಇದೆ.

ಉಳಿದ ನೂಲು ಅಂದ ಕೂಡಲೇ ಬಣ್ಣ ಹೊಂದುತ್ತಾ ಅಂತ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಬಣ್ಣ ಬಿಡಿ, ದಪ್ಪ ನೋಡಿ. ತೆಳು ನೂಲು ಬಂದಲ್ಲಿ ಸುತ್ತು ಬಿಗಿಯುತ್ತದೆ, ದಪ್ಪ ಬಂದಲ್ಲಿ ಉಬ್ಬುತ್ತದೆ, ಕೊನೆಗೆ ಚೀಲ ಸೋರೆಕಾಯಿ ಆಕಾರಕ್ಕೆ ಬರುತ್ತದೆ. ನನ್ನ ಮೊದಲ ಚೀಲದ ಕತೆ ಇದೇ. ಕಾಟನ್ನನ್ನೂ ಅಕ್ರಿಲಿಕ್ಕನ್ನೂ (ಸಿಂಥೆಟಿಕ್ ಉಲ್ಲನ್) ಬೆರೆಸಬೇಡಿ, ಒಗೆದಾಗ ಒಂದು ಕುಗ್ಗುತ್ತದೆ, ಇನ್ನೊಂದು ಕುಗ್ಗುವುದಿಲ್ಲ. ಯಾವುದು ಯಾವುದು ಅಂತ ಮರೆತುಹೋಗಿದ್ದರೆ ಒಂದಿಂಚು ತುಂಡನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಕಾಟನ್ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಂತಾಗುತ್ತದೆ. ಆ ಮಣಿ ಕೂಡಲೇ ಮುಟ್ಟಬೇಡಿ, ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ.

ಬಣ್ಣಕ್ಕೆ ನನ್ನ ಉಪಾಯ ಇಷ್ಟೇ: ಎರಡೆಳೆ ಸೇರಿಸಿ ಹೆಣೆಯಿರಿ, ಅದರಲ್ಲಿ ಒಂದೆಳೆ ಶುರುವಿನಿಂದ ಕೊನೆಯವರೆಗೆ ಒಂದೇ ಬಣ್ಣ ಇರಲಿ. ನಾನು ಕಪ್ಪು ಹಾಕಿದ್ದೆ. ಇನ್ನೊಂದೆಳೆ ಹಳದಿ, ಗುಲಾಬಿ, ಗಿಳಿಹಸಿರು ಏನು ಬಂದರೂ ಕಪ್ಪು ಅದನ್ನೆಲ್ಲ ಒಟ್ಟಿಗೆ ಹಿಡಿದುಕೊಳ್ಳುತ್ತದೆ. ಆ ಒಂದು ಬಣ್ಣ ಮಾತ್ರ ಅಂಗಡಿಯಿಂದ ತರಬೇಕಾಗಬಹುದು. ಒಟ್ಟು 200ರಿಂದ 250 ಗ್ರಾಂ ನೂಲು, 5 ಮಿಲಿಮೀಟರಿನ ಕ್ರೋಶ ಕಡ್ಡಿ ಸಾಕು. ತುಂಡು ನೂಲು ಒಂದು ಸುತ್ತಿಗೆ ಸಾಲುತ್ತದಾ ಅಂತ ನೋಡಲು ಸೀರೆಯ ಲೆಕ್ಕ ಇಟ್ಟುಕೊಳ್ಳಿ. ಒಂದು ಸುತ್ತಿಗೆ ಅಂದಾಜು ಒಂದು ಸೀರೆಯುದ್ದ, ಅಂದರೆ ಐದೂವರೆ ಮೀಟರ್ ಇದ್ದರೆ ಧೈರ್ಯವಾಗಿ ಶುರು ಮಾಡಬಹುದು.

ಕೆಳಗೆ ಸಿಂಗಲ್ ಅಂದರೆ ಅಮೆರಿಕದವರ ಸಿಂಗಲ್ ಕ್ರೋಶ: ಕಡ್ಡಿ ತೂರಿಸಿ ನೂಲು ಎಳೆದು, ಕಡ್ಡಿ ಮೇಲಿನ ಎರಡೂ ಕುಣಿಕೆಯೊಳಗಿಂದ ಮತ್ತೆ ನೂಲು ಎಳೆಯುವ ಹೊಲಿಗೆ. ಅದನ್ನೇ ಇಂಗ್ಲೆಂಡಿನವರು ಡಬಲ್ ಅನ್ನುತ್ತಾರೆ, ವಿಡಿಯೋ ನೋಡುವಾಗ ಜಾಗ್ರತೆ.

ಬುಡಕ್ಕೆ 31 ಚೈನ್ (ಕಡ್ಡಿ ಮೇಲಿನ ಕುಣಿಕೆಯೊಳಗಿಂದ ನೂಲು ಎಳೆದರೆ ಒಂದು ಚೈನ್) ಹಾಕಿ. ಕಡ್ಡಿಯಿಂದ ಎರಡನೇ ಚೈನಿಗೆ ಒಂದು ಸಿಂಗಲ್, ಮುಂದಿನ 28 ಚೈನಿಗೂ ಒಂದೊಂದು, ಕೊನೆಯ ಚೈನಿಗೆ 3. ಈಗ ಹಾಗೇ ತಿರುಗಿ ಚೈನಿನ ಇನ್ನೊಂದು ಮಗ್ಗುಲಲ್ಲಿ 28, ಶುರು ಮಾಡಿದ ಚೈನಿಗೆ ಇನ್ನೂ 2. ಎಣಿಸಿ, 62 ಬರಬೇಕು. ಬರಲಿಲ್ವಾ, ಈಗಲೇ ಬಿಚ್ಚಿ, ಮುಂದೆ ಸರಿ ಹೋಗುತ್ತದೆ ಅಂತ ಹೋಗಬೇಡಿ. ಮುಂದಿನ ಸುತ್ತಿನಲ್ಲಿ ಎರಡೂ ತುದಿಯ ಮೂರು ಮೂರು ಹೊಲಿಗೆಗೆ ಎರಡೆರಡು ಹಾಕಿದರೆ 68. ಹೀಗೇ ಸುತ್ತಿಗೆ 6 ಹೆಚ್ಚಿಸುತ್ತಾ 74, ಆಮೇಲೆ 80. ಹೆಚ್ಚಿಸುವ ಜಾಗ ಒಂದರ ಮೇಲೊಂದು ಬರದ ಹಾಗೆ ಸ್ವಲ್ಪ ಸರಿಸಿಕೊಳ್ಳಿ, ಇಲ್ಲದಿದ್ದರೆ ಮೂಲೆ ಮೂಡುತ್ತದೆ. ಸುತ್ತು ಶುರುವಾಗುವಲ್ಲಿ ಒಂದು ಪಿನ್ನು ಸಿಕ್ಕಿಸಿಡಿ.

ಇನ್ನು ಗೋಡೆ. ಮೊದಲ ಸುತ್ತಿನಲ್ಲಿ ಹೊಲಿಗೆಯ ತಲೆಯ ಎರಡು ಎಳೆಗಳಲ್ಲಿ ಹಿಂದಿನದಕ್ಕೆ ಮಾತ್ರ ಕಡ್ಡಿ ಹಾಕಿ, ಅಂಚು ಚೆಂದ ಮಡಚಿ ನಿಲ್ಲುತ್ತದೆ. ಆಮೇಲೆ ಏನೂ ಹೆಚ್ಚಿಸದೆ 80 ಹೊಲಿಗೆಯಲ್ಲೇ 10 ಇಂಚು ಎತ್ತರ ಬರುವ ತನಕ ಸುತ್ತುತ್ತಾ ಹೋಗಿ. ಬಣ್ಣ ಬದಲಿಸುವಾಗ ಹಳೇ ಬಣ್ಣದ ಕೊನೆಯ ಹೊಲಿಗೆಯಲ್ಲಿ ಕಡೇ ಸಲ ಎಳೆಯುವ ನೂಲನ್ನು ಹೊಸ ಬಣ್ಣದಿಂದ ಎಳೆಯಿರಿ. ಗಂಟು ಹಾಕಿ ಬಿಟ್ಟರೆ ಅದು ಒಂದಲ್ಲ ಒಂದು ದಿನ ಜಾರುತ್ತದೆ. ಮೂರು ಇಂಚು ಬಾಲ ಬಿಟ್ಟು ಒಳಗೆ ಪೋಣಿಸಿ.

ಹಿಡಿಕೆಗೆ 6 ಹೊಲಿಗೆ ಅಗಲ, 22 ಇಂಚು ಉದ್ದದ ಎರಡು ಪಟ್ಟಿ. ಕ್ರೋಶದ ಹಿಡಿಕೆ ಭಾರಕ್ಕೆ ಎಳೆದುಕೊಳ್ಳುತ್ತದೆ. ಎರಡು ತೆಂಗಿನಕಾಯಿ, ಒಂದು ಕಿಲೋ ಮಟ್ಟುಗುಳ್ಳ ಬದನೆ ಹಾಕಿ ಬಸ್ಸು ಹತ್ತಿದ್ದೆ, ಇಳಿಯುವಷ್ಟರಲ್ಲಿ ಚೀಲ ಮೊಣಕಾಲಿಗೆ ಬಡಿಯುತ್ತಿತ್ತು. ಅದಕ್ಕೆ ಪಟ್ಟಿಯ ಹಿಂಬದಿಗೆ ದಪ್ಪ ಕಾಟನ್ ಲಾಡಿ ಇಟ್ಟು ಹೊಲಿಯಿರಿ.

ಈಗ ಅಲಂಕಾರ, ನನಗೆ ಇಷ್ಟದ ಭಾಗ. ಮಲ್ಪೆಯಿಂದ ತಂದ ಚಿಪ್ಪು ಹೊಲಿದು ನೋಡಿದೆ, ಅದರ ಅಂಚು ನೂಲನ್ನೇ ಕುಯ್ದಿತು. ಕನ್ನಡಿ ಭಾರ. ಕೊನೆಗೆ ಉಳಿದಿದ್ದ ಬಿಳಿ ಕಾಟನ್ ನೂಲಿನಲ್ಲಿ ಮಲ್ಲಿಗೆ ಮಾಲೆ ಮಾಡಿದೆ, ನಮ್ಮ ಶಂಕರಪುರ ಮಲ್ಲಿಗೆ ಥರ ಒತ್ತೊತ್ತಾಗಿ. ಮೊಗ್ಗು ಹೀಗೆ: ಒಂದೂಮುಕ್ಕಾಲು ಅಥವಾ ಎರಡು ಮಿಲಿಮೀಟರ್ ಕಡ್ಡಿಯಲ್ಲಿ 3 ಚೈನ್ ಹಾಕಿ, ಕಡ್ಡಿಗೆ ನೂಲು ಸುತ್ತಿ ಕಡ್ಡಿಯಿಂದ ಮೂರನೇ ಚೈನಿನೊಳಗೆ ತೂರಿಸಿ ಉದ್ದಕ್ಕೆ ಎಳೆಯಿರಿ. ಅದೇ ಜಾಗಕ್ಕೆ ಹೀಗೆ ಮೂರು ಸಲ. ಕಡ್ಡಿ ಮೇಲೆ 7 ಎಳೆ ಇರುತ್ತದೆ, ಅಷ್ಟರೊಳಗಿಂದಲೂ ಒಂದೇ ಸಲ ನೂಲು ಎಳೆದು, ಒಂದು ಚೈನ್ ಬಿಗಿಯಾಗಿ ಹಾಕಿ ಲಾಕ್ ಮಾಡಿ. ಮತ್ತೆ 3 ಚೈನ್, ಮತ್ತೆ ಮೊಗ್ಗು. ಹದಿನೈದು ಮೊಗ್ಗು ಆಗುವಾಗ ಕೈ ತಾನೇ ಓಡುತ್ತದೆ. ಉದ್ದದ ಎಳೆಯನ್ನು ಎರಡು ಸಾಲಾಗಿ ಮಡಚಿ, ಚೀಲದ ಬಾಯಿಯಿಂದ ಎರಡಿಂಚು ಕೆಳಗೆ ಸ್ವಲ್ಪ ಜೋತು ಬೀಳುವ ಹಾಗೆ ಹೊಲಿಯಿರಿ. ನಡುವೆ ಒಂದು ಕನಕಾಂಬರ ಬಣ್ಣದ ಮೊಗ್ಗು ಇಟ್ಟರೆ ಇನ್ನೂ ಚೆಂದ. (ಮಾಲೆ ಮಾತ್ರ ಕಾಟನ್ ಆದರೆ ಪರವಾಗಿಲ್ಲ, ಅದು ಮೇಲೆ ಸುಮ್ನೆ ಕೂತಿರುತ್ತದೆ ಅಷ್ಟೇ.)

ಲೈನಿಂಗ್ ಹಾಕುವ ಮೊದಲೇ ಈ ಹೊಲಿಗೆ ಎಲ್ಲ ಮುಗಿಸಿ, ಆಮೇಲೆ ಒಳಗೆ ಗಂಟು ಮುಚ್ಚಿಹೋಗುತ್ತದೆ. ಲೈನಿಂಗಿಗೆ ಹಳೇ ಕಾಟನ್ ಸೀರೆ ಸಾಕು. ಹೊಲಿದ ಮೇಲೆ ಚೀಲಕ್ಕಿಂತ ಅರ್ಧ ಇಂಚು ಚಿಕ್ಕದಾಗುವ ಹಾಗೆ ಕತ್ತರಿಸಿದರೆ ಭಾರ ಬಟ್ಟೆ ಮೇಲೆ ಬೀಳುತ್ತದೆ, ಕ್ರೋಶ ಜೋಲುವುದಿಲ್ಲ. ಬಸಳೆ ದಂಟು ತೂತಿನಿಂದ ಹೊರಗೆ ಇಣುಕುವುದೂ ತಪ್ಪುತ್ತದೆ.

ಒಗೆದರೆ ನೇತು ಹಾಕಬೇಡಿ, ನೀರಿನ ಭಾರಕ್ಕೆ ಉದ್ದವಾಗುತ್ತದೆ. ಟವೆಲಿನಲ್ಲಿ ಸುತ್ತಿ ಒತ್ತಿ, ಫ್ಯಾನಿನ ಕೆಳಗೆ ಹಾಸಿಡಿ. ಮಳೆಗಾಲದಲ್ಲಿ ಎರಡು ದಿನ ಹಿಡಿಯುತ್ತದೆ, ಬೇಗ ಆಗಲಿ ಅಂತ ಇಸ್ತ್ರಿ ಒತ್ತಿದರೆ ಅಕ್ರಿಲಿಕ್ ಚಪ್ಪಟೆಯಾಗಿ ಹೋಗುತ್ತದೆ.