ಪುಣೆಯ ಮಳೆಯಲ್ಲಿ ಸಿಲ್ಕಿ ಕೋಳಿ ಮರಿ ಮಾಡಿಸುವ ಬಗೆ

ಪುಣೆಯಲ್ಲಿ ಸಿಲ್ಕಿ ಸಾಕುವ ಕನ್ನಡಿಗರು ಮೊದಲು ನೋಡಬೇಕಾದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ. ಈ ತಳಿಯ ಗರಿಯೆಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವುದಿಲ್ಲ. ನೀರು ನೇರ ಚರ್ಮಕ್ಕಿಳಿದು ಕೋಳಿ ನಡುಗುತ್ತದೆ. ಹಾರಲೂ ಬಾರದು, ಅಟ್ಟಣೆ 30 ಸೆಂ.ಮೀ. ಎತ್ತರ ಮೀರದಿರಲಿ.

ಒಂದು ಹುಂಜಕ್ಕೆ ಐದಾರು ಹೇಟೆ ಸಾಕು. ಮೊಟ್ಟೆ ಬರೀ ಬಂಜೆಯಾಗುತ್ತಿದ್ದರೆ ಹುಂಜವನ್ನು ಬಯ್ಯುವ ಮುನ್ನ ಹುಂಜ, ಹೇಟೆ ಎರಡರ ಹಿಂಭಾಗದ ನಯಗರಿ ಕತ್ತರಿಸಿ. ಅಡ್ಡಿ ಹೆಚ್ಚಾಗಿ ಅಲ್ಲೇ. ಕಣ್ಣು ಮುಚ್ಚುವ ಜುಟ್ಟನ್ನೂ ಟ್ರಿಮ್ ಮಾಡಿ.

ಏಳು ದಿನದೊಳಗಿನ ಮೊಟ್ಟೆಯನ್ನಷ್ಟೇ ಕಾವಿಗಿಡಿ. ಸಿಲ್ಕಿ ಹೇಟೆಗಿಂತ ಒಳ್ಳೆಯ ಇನ್‌ಕ್ಯುಬೇಟರ್ ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಆರೆಂಟು ಮೊಟ್ಟೆ ಕೊಡಿ, ದಿನಕ್ಕೊಮ್ಮೆ ಎಬ್ಬಿಸಿ ಮೇವು, ನೀರು ತೋರಿಸಿ, ಇಲ್ಲದಿದ್ದರೆ ಸೊರಗುತ್ತದೆ. ಫ್ಯಾನ್ ಇರುವ ಯಂತ್ರವಾದರೆ 37.5 ಡಿಗ್ರಿ, ತೇವಾಂಶ ಶೇ. 50, 18ನೇ ದಿನ ಮೊಟ್ಟೆ ತಿರುಗಿಸುವುದು ನಿಲ್ಲಿಸಿ ತೇವಾಂಶ ಶೇ. 65–70ಕ್ಕೆ ಏರಿಸಿ. 21ನೇ ದಿನದ ಹೊತ್ತಿಗೆ ಮರಿ.

ಮರಿಗಳನ್ನು ಬೆಚ್ಚಗಿಡುವ ಬ್ರೂಡರ್‌ನಲ್ಲಿ ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರರಂತೆ ಇಳಿಸಿ. ನುಣುಪಾದ ಪೇಪರ್ ಹಾಸಬೇಡಿ, ಕಾಲು ಜಾರಿ ಅಗಲವಾಗುತ್ತದೆ. ಹುಟ್ಟಿದ ದಿನವೇ ಮರೆಕ್ಸ್ ಎಂಬ ವೈರಸ್ ರೋಗದ ಲಸಿಕೆ ಹಾಕಿಸಿ. ಹಾಸು ಒದ್ದೆಯಾದರೆ ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ ಬರುತ್ತದೆ. ಹಿಕ್ಕೆಯಲ್ಲಿ ರಕ್ತ ಕಂಡರೆ ಪಶುವೈದ್ಯರ ಬಳಿ ಅಂದೇ ಹೋಗಿ.